ವೈರು ಸುಡುವುದು ತುದಿಯಲ್ಲಿ

ಕಟ್ಟಡಗಳ ವೈರಿಂಗ್ ಪರೀಕ್ಷೆ ಮಾಡುವುದು ನನ್ನ ಕಸುಬು. ಮೀಟರು, ಟಾರ್ಚು, ಸ್ಕ್ರೂಡ್ರೈವರು ಹಿಡಿದು ಬೋರ್ಡು ಬಿಚ್ಚುತ್ತಾ ಹೋಗುವ ಕೆಲಸ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಯಾವ ವೈರು ತಗೊಳ್ಳಲಿ’ ಅಂತ ಕೇಳುತ್ತವೆ. ತಗೊಂಡ ವೈರನ್ನು ಹೇಗೆ ಜೋಡಿಸಬೇಕು ಅಂತ ಕೇಳಿದವರು ಅಪರೂಪ. ನಾನು ನೋಡಿದ ಸುಟ್ಟ ವೈರುಗಳಲ್ಲಿ ಬಹಳಷ್ಟು ಗೋಡೆಯ ಒಳಗೆ, ನಡುವೆ ಎಲ್ಲೋ ಸುಟ್ಟವಲ್ಲ. ಸ್ಕ್ರೂ ಇರುವ ತುದಿಯಲ್ಲಿ ಸುಟ್ಟವು. ಅದಕ್ಕೇ ಕೆಲವು ಉತ್ತರಗಳು ನೀವು ಕೇಳಿದ್ದಕ್ಕಿಂತ ಉದ್ದ ಆಗಿವೆ. ಲೆಕ್ಕವೆಲ್ಲ 230 ವೋಲ್ಟ್ ಸಿಂಗಲ್ ಫೇಸಿಗೆ.

ಪ್ರಶ್ನೆ: ಹೊಸ ಮನೆ ಕಟ್ಟಿಸುತ್ತಿದ್ದೇವೆ. ವೈರಿಂಗ್ ಮಾಡುವವರು ‘ಎಲ್ಲಾ ಕಡೆ 4 ಸ್ಕ್ವೇರ್ ಎಂಎಂ ಎಳೆಸಿಬಿಡಿ ಸಾರ್, ದಪ್ಪ ಇದ್ದಷ್ಟೂ ಸೇಫ್’ ಅನ್ನುತ್ತಾರೆ. ನಮ್ಮ ಭಾವ 1.5 ಸಾಕು ಅನ್ನುತ್ತಾರೆ. ಯಾರ ಮಾತು ಕೇಳಲಿ? – ಕೆ. ಆರ್.

ಉತ್ತರ: ಇಬ್ಬರ ಮಾತೂ ಬೇಡ, ಲೆಕ್ಕ ಮಾಡಿ. 1.5, 2.5, 4 ಅನ್ನುವುದೆಲ್ಲ ವೈರಿನೊಳಗಿನ ತಾಮ್ರದ ಅಡ್ಡಕೊಯ್ತದ ವಿಸ್ತೀರ್ಣ, ಚದರ ಮಿಲಿಮೀಟರಿನಲ್ಲಿ. ಉಪಕರಣದ ವ್ಯಾಟ್ ಎಷ್ಟಿದೆಯೋ ಅದನ್ನು 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 9 ವ್ಯಾಟಿನ ಹತ್ತು ಎಲ್‌ಇಡಿ ಬಲ್ಬ್ ಒಟ್ಟಿಗೆ ಉರಿದರೂ ಒಂದು ಆಂಪಿಯರ್ ಮುಟ್ಟುವುದಿಲ್ಲ. ಅದಕ್ಕೂ 1.5 ಯಾಕೆ ಹಾಕುತ್ತೇವೆ ಅಂದರೆ ಬಿಸಿಯ ಭಯಕ್ಕಲ್ಲ. ಪೈಪಿನಲ್ಲಿ ಎಳೆಯುವಾಗ, ಸ್ಕ್ರೂ ಬಿಗಿಯುವಾಗ ತುಂಡಾಗದಷ್ಟು ಗಟ್ಟಿ ಇರಲಿ ಅಂತ. 2,000 ವ್ಯಾಟಿನ ಗೀಸರ್ 8.7 ಆಂಪಿಯರ್ ಎಳೆಯುತ್ತದೆ, 3,000 ವ್ಯಾಟಿನದು 13.

ಇನ್ನು ವೈರು ಎಷ್ಟು ತಡೆಯುತ್ತದೆ ಅನ್ನುವುದು. ಪಿವಿಸಿ ಹೊದಿಕೆಯ ತಾಮ್ರದ ವೈರಿಗೆ ಐಇಸಿ 60364 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪಟ್ಟಿಯಲ್ಲಿ, ಗೋಡೆಯ ಮೇಲಿನ ಪೈಪಿನೊಳಗೆ ಹೋದರೆ, 1.5ಕ್ಕೆ 17.5 ಆಂಪಿಯರ್, 2.5ಕ್ಕೆ 24, 4ಕ್ಕೆ 32, 6ಕ್ಕೆ 41 ಅಂತ ಇದೆ. ಈ ಅಂಕಿ ನೋಡಿ ಸಮಾಧಾನ ಮಾಡಿಕೊಂಡು ಸುಮ್ನೆ ಕೂರಬೇಡಿ. ಇದು ಸುತ್ತಲಿನ ಗಾಳಿ 30 ಡಿಗ್ರಿ ಇದ್ದಾಗ, ಪೈಪಿನಲ್ಲಿ ಒಂದೇ ಸರ್ಕ್ಯೂಟ್ ಇದ್ದಾಗಿನ ಮಾತು. 40 ಡಿಗ್ರಿ ಸೆಕೆಯಲ್ಲಿ ಇದನ್ನು 0.87ರಿಂದ ಗುಣಿಸಬೇಕು. ಒಂದೇ ಪೈಪಿನಲ್ಲಿ ಮೂರು ಸರ್ಕ್ಯೂಟ್ ತುರುಕಿ, ಮೂರೂ ಲೋಡಿನಲ್ಲಿದ್ದರೆ ಮತ್ತೆ 0.7ರಿಂದ ಗುಣಿಸಬೇಕು. ಅಲ್ಲಿಗೆ 24 ಆಂಪಿಯರಿನ 2.5 ವೈರು 14.6ಕ್ಕೆ ಇಳಿಯಿತು. ಅದಕ್ಕೆ 16 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿದ್ದರೆ ಕಾವಲುಗಾರನೇ ವೈರಿಗಿಂತ ಸಡಿಲ ಆದ ಹಾಗೆ.

ಇಲ್ಲಿ ನಿಮಗೆ ಎರಡು ದಾರಿ. 4ರ ವೈರು ಹಾಕುವುದು ಒಂದು. ಗೀಸರ್, ಎಸಿ ಇಂಥ ದೊಡ್ಡ ಲೋಡಿಗೆಲ್ಲ ಬೇರೆ ಬೇರೆ ಪೈಪ್ ಕೊಡುವುದು ಇನ್ನೊಂದು. ಬೇರೆ ಪೈಪಿನಲ್ಲಿ ಒಂಟಿಯಾಗಿ ಹೋದರೆ ಅದೇ 2.5 ವೈರು ಅದೇ ಸೆಕೆಯಲ್ಲಿ ಸುಮಾರು 21 ಆಂಪಿಯರ್ ತಡೆಯುತ್ತದೆ. ನನ್ನ ಓಟು ಪೈಪಿಗೆ. ಗೋಡೆ ಕೊರೆಯುವ ಹೊತ್ತಿನಲ್ಲಿ ಇನ್ನೊಂದು ಪೈಪ್ ಹಾಕುವುದು ದೊಡ್ಡ ಮಾತಲ್ಲ. ಮುಂದೆ ವೈರು ಬದಲಿಸುವಾಗಲೂ ಕೈ ಸುಲಭ.

ಎಲ್ಲಾ ಕಡೆ 4 ಹಾಕಿದರೆ ಏನು ತಪ್ಪು ಅಂತ ಕೇಳಬಹುದು. ಸಾಮಾನ್ಯ ಲೈಟ್ ಸ್ವಿಚ್ಚಿನ ತೂತಿನಲ್ಲಿ 4ರ ಎರಡು ವೈರು ಸರಿಯಾಗಿ ಕೂರುವುದಿಲ್ಲ. ಕೂರಿಸುವವರು ಏನು ಮಾಡುತ್ತಾರೆ? ಕಟಿಂಗ್ ಪ್ಲೇಯರಿನಲ್ಲಿ ನಾಲ್ಕಾರು ಎಳೆ ಕತ್ತರಿಸಿ ಬಿಸಾಕುತ್ತಾರೆ. ಪೈಪ್ ಕಿಕ್ಕಿರಿದಿದ್ದರೆ ಎಳೆಯುವಾಗ ಹೊದಿಕೆ ಉಜ್ಜಿ ಸುಲಿಯುತ್ತದೆ. ಪೈಪಿನ ಒಳಜಾಗದಲ್ಲಿ ಶೇ 40ಕ್ಕಿಂತ ಜಾಸ್ತಿ ವೈರು ತುಂಬಬಾರದು ಅನ್ನುವುದು ನಾವು ಪಾಲಿಸುವ ಅಳತೆ. ಲೈಟು ಫ್ಯಾನಿಗೆ 1.5, ಸಾಕೆಟ್ಟಿಗೆ 2.5, ದೊಡ್ಡ ಲೋಡಿಗೆ ಲೆಕ್ಕ ನೋಡಿ 4 ಅಥವಾ 6. ಅಷ್ಟು ಸಾಕು.

ಪ್ರಶ್ನೆ: ಎಫ್‌ಆರ್ ವೈರು ಹಾಕಿಸಿದ್ದೇನೆ. ಇನ್ನು ಬೆಂಕಿಯ ಭಯ ಇಲ್ಲ ಅಲ್ವಾ? – ಎಂ. ಎಸ್., ಶಿಕ್ಷಕಿ

ಉತ್ತರ: ಇದೆ ಮೇಡಂ. ಎಫ್‌ಆರ್ ಅಂದರೆ ಹೊದಿಕೆಗೆ ಬೆಂಕಿ ತಗುಲಿದರೂ ಅದು ಹಬ್ಬದೆ, ಮೂಲದ ಉರಿ ತೆಗೆದ ಮೇಲೆ ತಾನೇ ಆರುತ್ತದೆ ಅಂತ ಅರ್ಥ. ವೈರು ಬಿಸಿಯಾಗುವುದನ್ನು ಅದು ತಡೆಯುವುದಿಲ್ಲ. ಎಫ್‌ಆರ್ ಅಂತ ಬರೆದಿದೆ ಅಂತ ಜಾಸ್ತಿ ಲೋಡ್ ಕೊಡುವ ಹಾಗೂ ಇಲ್ಲ. ಸಾಮಾನ್ಯ ಪಿವಿಸಿ ವೈರಿನ ಒಳಗಿನ ತಾಮ್ರ 70 ಡಿಗ್ರಿ ದಾಟಬಾರದು, ಎಫ್‌ಆರ್ ಆದರೂ ಅಷ್ಟೇ. ಹೆಚ್ಚು ಬಿಸಿ ತಾಳುವುದು ಎಕ್ಸ್‌ಎಲ್‌ಪಿಇ ಹೊದಿಕೆ. ಅದರ ಮಿತಿ 90 ಡಿಗ್ರಿ.

ಎಫ್‌ಆರ್‌ಎಲ್‌ಎಸ್ ಅಂದರೆ ಹೊಗೆ ಕಡಿಮೆ. ಹ್ಯಾಲೊಜೆನ್ ಇಲ್ಲದ ವೈರು ಇನ್ನೂ ಬೇರೆ ಜಾತಿ. ಪಿವಿಸಿಯಲ್ಲಿ ಕ್ಲೋರಿನ್ ಅನ್ನುವ ಹ್ಯಾಲೊಜೆನ್ ಇದೆ, ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಕಣ್ಣು ಗಂಟಲು ಉರಿಯುತ್ತದೆ, ಬಾಗಿಲು ಎಲ್ಲಿದೆ ಅಂತ ಕಾಣದ ಹಾಗೆ ಆಗುತ್ತದೆ. ಜನ ಜಾಸ್ತಿ ಸೇರುವ ಕಡೆ, ಮೆಟ್ಟಿಲ ದಾರಿ, ಆಸ್ಪತ್ರೆ, ನಿಮ್ಮ ಶಾಲೆಯಂಥ ಕಟ್ಟಡಕ್ಕೆ ಹ್ಯಾಲೊಜೆನ್ ಇಲ್ಲದ್ದೇ ಒಳ್ಳೆಯದು. ಬೆಂಕಿಯ ನಡುವೆಯೂ ಸ್ವಲ್ಪ ಹೊತ್ತು ಕರೆಂಟ್ ಒಯ್ಯುವ ಕೇಬಲ್ ಬೇರೆಯೇ ಇದೆ. ಅದು ಫೈರ್ ಅಲಾರಂ, ತುರ್ತು ದೀಪಗಳಿಗೆ. ಹೆಸರು ಹತ್ತಿರ ಹತ್ತಿರ ಇರುವುದರಿಂದ ಅಂಗಡಿಯವರೂ ಗೊಂದಲ ಮಾಡುತ್ತಾರೆ.

ಪ್ರಶ್ನೆ: ಸುರುಳಿ ನೋಡಿ ಅಸಲಿ ತಾಮ್ರವೋ ಅಲ್ಲವೋ ಅಂತ ಹೇಳುವುದು ಹೇಗೆ? ‘ಶೇ 101 ವಾಹಕತೆ’ ಅಂತ ಬರೆದಿರುತ್ತಾರಲ್ಲ, ಅದು ಬರೀ ಬುರುಡೆಯೇ? – ಪಿ. ಎನ್.

ಉತ್ತರ: ಬುರುಡೆ ಅಲ್ಲ. 1913ರಲ್ಲಿ ತಾಮ್ರದ ವಾಹಕತೆಗೆ ಒಂದು ಅಂತರರಾಷ್ಟ್ರೀಯ ಅಳತೆ ಮಾಡಿದರು. ಅಂದಿನ ಶುದ್ಧ ತಾಮ್ರಕ್ಕೆ 100 ಅಂಕ. ಆಮೇಲೆ ಶುದ್ಧೀಕರಣ ಸುಧಾರಿಸಿತು, ಈಗಿನ ಒಳ್ಳೆಯ ತಾಮ್ರ 101 ಮುಟ್ಟುತ್ತದೆ. ಆದರೆ ಆ ಒಂದು ಅಂಕಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ. ಹೊದಿಕೆಯ ಮೇಲೆ 2.5 ಅಂತ ಬರೆದು ಒಳಗೆ 2 ಕೊಟ್ಟಿದ್ದರೆ ಅಲ್ಲಿ ಶೇ 20 ಹೋಯಿತು.

ತೂಕ ಹಾಕಿ. ತಾಮ್ರದ ಸಾಂದ್ರತೆ ಘನ ಸೆಂಟಿಮೀಟರಿಗೆ 8.96 ಗ್ರಾಂ. 2.5ರ 100 ಮೀಟರ್ ಸುರುಳಿಯಲ್ಲಿ ತಾಮ್ರವೇ ಸುಮಾರು 2.2 ಕೆಜಿ ಇರಬೇಕು, 1.5ರದ್ದರಲ್ಲಿ ಸುಮಾರು 1.3, 4ರದ್ದರಲ್ಲಿ ಸುಮಾರು 3.6. ಹೊದಿಕೆಯ ತೂಕ ಇದರ ಮೇಲೆ. ಹೊದಿಕೆ ಸಮೇತ ತೂಗಿದಾಗಲೇ 2.2 ಕೆಜಿ ಬರದಿದ್ದರೆ ವಾಪಸ್ ಕೊಡಿ, ಬೇರೆ ಪರೀಕ್ಷೆ ಬೇಕಿಲ್ಲ. ಸುರುಳಿ 90 ಮೀಟರಿನದೋ 100 ಮೀಟರಿನದೋ ಅಂತ ಮೊದಲು ನೋಡಿಕೊಳ್ಳಿ.

ಆಮೇಲೆ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಮೇಲೆ ಕೆಂಪು, ಒಳಗೆ ಬೆಳ್ಳಿ ಬಣ್ಣ ಬಂದರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಕಟ್ಟಡದ ವೈರಿಂಗಿಗೆ ಅದು ಬೇಡವೇ ಬೇಡ. ಮೇಲೆ ಬೆಳ್ಳಿ, ಒಳಗೆ ಕೆಂಪು ಇದ್ದರೆ ತವರ ಲೇಪಿಸಿದ ತಾಮ್ರ, ಅದಕ್ಕೆ ಅಡ್ಡಿಯಿಲ್ಲ. ಎಳೆ ಎಣಿಸುವ ಅಭ್ಯಾಸ ಇದ್ದರೆ, ಸಣ್ಣ ಎಳೆಗಳ 2.5 ವೈರಿನಲ್ಲಿ 0.25 ಮಿಲಿಮೀಟರಿನ 50 ಎಳೆಗಳಿರುವುದು ಸಾಮಾನ್ಯ. ಎಳೆಯ ದಪ್ಪ ಬೇರೆಯಾದರೆ ಸಂಖ್ಯೆಯೂ ಬೇರೆಯಾಗುತ್ತದೆ, ಹಾಗಾಗಿ ಬರೀ ಎಣಿಕೆ ನಂಬಬೇಡಿ.

ಒಳ್ಳೆಯ ಓಮ್‌ಮೀಟರ್ ಇದ್ದವರಿಗೆ ಕೊನೆಯ ಮಾತು ಅದರದ್ದೇ. ವೈರು ಕರೆಂಟಿಗೆ ಒಡ್ಡುವ ತಡೆ, ಅಂದರೆ ರೋಧ, ಎಷ್ಟು ಓಮ್ ಅಂತ ಅದು ಹೇಳುತ್ತದೆ. ಸಣ್ಣ ಎಳೆಗಳ 2.5 ವೈರಿಗೆ 20 ಡಿಗ್ರಿಯಲ್ಲಿ ಕಿಲೋಮೀಟರಿಗೆ 7.98 ಓಮ್ ದಾಟಬಾರದು ಅಂತ ಐಇಸಿ 60228 ಹೇಳುತ್ತದೆ. ಅಂದರೆ 100 ಮೀಟರಿಗೆ 0.8 ಓಮ್. ಮೀಟರಿನ ಎರಡು ಕಡ್ಡಿ ತಾಗಿಸಿದಾಗ ಬರುವ ಅಂಕಿಯನ್ನು ಮೊದಲು ಕಳೆಯಿರಿ.

ಪ್ರಶ್ನೆ: ಗೀಸರ್ ಹಾಕಿದಾಗ 16 ಆಂಪಿಯರ್ ಎಂಸಿಬಿ ಆಗಾಗ ಟ್ರಿಪ್ ಆಗುತ್ತಿತ್ತು. ರಿಪೇರಿಗೆ ಬಂದವರು 32 ಆಂಪಿಯರಿನದು ಹಾಕಿಕೊಟ್ಟರು. ಈಗ ತೊಂದರೆ ಇಲ್ಲ. ಸರಿ ತಾನೇ? – ಜಿ. ಬಿ.

ಉತ್ತರ: ಸರಿ ಅಲ್ಲ. ಇವತ್ತೇ ಗೀಸರ್ ಬಳಸುವುದನ್ನು ನಿಲ್ಲಿಸಿ. ಎಂಸಿಬಿ ಇರುವುದು ಗೀಸರ್ ಕಾಯಲಿಕ್ಕಲ್ಲ, ಗೋಡೆಯೊಳಗಿನ ವೈರು ಕಾಯಲಿಕ್ಕೆ. ಮನೆಬಳಕೆಯ ಎಂಸಿಬಿ ತನ್ನ ಅಂಕಿಯ 1.13 ಪಟ್ಟು ಕರೆಂಟ್ ಹರಿದರೆ ಒಂದು ಗಂಟೆಯೊಳಗೆ ಟ್ರಿಪ್ ಆಗಬಾರದು, 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಆಗಲೇಬೇಕು ಅನ್ನುವುದು ನಿಯಮ. ನಿಮ್ಮ 32ರ ಎಂಸಿಬಿ 36 ಆಂಪಿಯರ್ ನೋಡಿಯೂ ಸುಮ್ಮನಿರುತ್ತದೆ. ನಿಮ್ಮದು 2.5 ವೈರು ಆಗಿದ್ದರೆ ಅದರ ಮಿತಿ ಹೆಚ್ಚೆಂದರೆ 24. ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಒಂದೂವರೆ ಪಟ್ಟು ಕರೆಂಟಿಗೆ ಎರಡೂಕಾಲು ಪಟ್ಟು ಬಿಸಿ.

ಟ್ರಿಪ್ ಯಾಕೆ ಆಗುತ್ತಿತ್ತು ಅಂತ ಮೊದಲು ಹುಡುಕಬೇಕಿತ್ತು. ಅದೇ ಸಾಲಿನಲ್ಲಿ ಬೇರೆ ಲೋಡ್ ಇರಬಹುದು. ಗೀಸರಿನ ಕಾಯಿಲ್ ಕೆಟ್ಟಿರಬಹುದು. ಅಥವಾ ಎಂಸಿಬಿಯ ಸ್ಕ್ರೂ ಸಡಿಲವಾಗಿ ಅಲ್ಲಿಯ ಬಿಸಿಗೇ ಅದು ಬೀಳುತ್ತಿರಬಹುದು. ಬಂದವರು ಇದನ್ನೆಲ್ಲ ನೋಡಿದ ಹಾಗೆ ಕಾಣುವುದಿಲ್ಲ. ಹಳೆಯ 16 ವಾಪಸ್ ಹಾಕಿಸಿ, ಆಮೇಲೆ ಹುಡುಕಿಸಿ.

ಪ್ರಶ್ನೆ: ಒಳ್ಳೆಯ ವೈರೇ ಹಾಕಿದ್ದೇವೆ, ಎಂಸಿಬಿಯೂ ಸರಿಯಾದದ್ದೇ. ಆದರೂ ಗೀಸರಿನ ಪ್ಲಗ್ ಕಂದು ಬಣ್ಣಕ್ಕೆ ತಿರುಗಿದೆ, ಮುಟ್ಟಿದರೆ ಸುಡುತ್ತದೆ. ಎಂಸಿಬಿ ಯಾಕೆ ಬೀಳುವುದಿಲ್ಲ? – ಎಸ್. ವಿ., ಗೃಹಿಣಿ

ಉತ್ತರ: ಈ ಸಲದ ಪತ್ರಗಳಲ್ಲಿ ನನಗೆ ಬಹಳ ಬೇಕಾದ ಪ್ರಶ್ನೆ ಇದು. ಪೆನ್ನು ಪೇಪರ್ ತಗೊಳ್ಳಿ.

ಮೇನ್ ಬೋರ್ಡಿನಿಂದ ಗೀಸರ್ ತನಕ 30 ಮೀಟರ್ 2.5 ವೈರು ಇದೆ ಅಂತ ಇಟ್ಟುಕೊಳ್ಳಿ. ಹೋಗಿ ಬರುವುದಕ್ಕೆ 60 ಮೀಟರ್. ಅದರ ರೋಧ 0.48 ಓಮ್. 13 ಆಂಪಿಯರ್ ಹರಿದಾಗ ಆ ವೈರಿನಲ್ಲಿ ಹುಟ್ಟುವ ಬಿಸಿ ಸುಮಾರು 81 ವ್ಯಾಟ್. ಅದು ಉದ್ದಕ್ಕೂ ಹಂಚಿಹೋಗುತ್ತದೆ, ಮೀಟರಿಗೆ ಒಂದೂವರೆ ವ್ಯಾಟೂ ಬರುವುದಿಲ್ಲ. ಗೋಡೆಗೆ ಗೊತ್ತೇ ಆಗುವುದಿಲ್ಲ.

ಈಗ ಸಾಕೆಟ್ಟಿನ ಒಂದು ಸ್ಕ್ರೂ ಸಡಿಲ ಇದೆ, ಅಲ್ಲಿ ಅರ್ಧ ಓಮ್ ರೋಧ ಇದೆ ಅನ್ನಿ. ಅದೇ 13 ಆಂಪಿಯರಿಗೆ 84 ವ್ಯಾಟ್. 60 ಮೀಟರಿಗೆ ಹಂಚಿದ್ದ ಬಿಸಿಯಷ್ಟೂ ಈಗ ಉಗುರಿನಷ್ಟು ಜಾಗದಲ್ಲಿ. ನಾವು ಬೆಸುಗೆ ಹಾಕಲು ಬಳಸುವ ಸೋಲ್ಡರಿಂಗ್ ಐರನ್ ಎಷ್ಟೋ ಸಲ 25 ವ್ಯಾಟಿನದು. ಪ್ಲಾಸ್ಟಿಕ್ ಕಂದಾಗದೆ ಇನ್ನೇನು!

ಎಂಸಿಬಿ ತನ್ನದೇ ಸ್ಕ್ರೂ ಬಿಸಿಯಾದರೆ ಬೀಳಬಹುದು, ದೂರದ ಸಾಕೆಟ್ಟಿನ ಈ ಬಿಸಿ ಅದಕ್ಕೆ ಕಾಣುವುದೇ ಇಲ್ಲ. ಅಲ್ಲಿಂದ ಅದಕ್ಕೆ ತಿಳಿಯುವುದು ಕರೆಂಟ್ ಎಷ್ಟು ಅಂತ ಮಾತ್ರ. ಸಡಿಲ ಜಾಯಿಂಟಿನಿಂದ ಕರೆಂಟ್ ಜಾಸ್ತಿ ಆಗುವುದಿಲ್ಲ, ಚೂರು ಕಡಿಮೆಯೇ ಆಗುತ್ತದೆ. ನೆಲಕ್ಕೆ ಸೋರುವುದಿಲ್ಲವಾದ್ದರಿಂದ, ಸೋರಿಕೆ ಕಂಡರೆ ಕರೆಂಟ್ ಕಡಿಯುವ ಆರ್‌ಸಿಸಿಬಿಯೂ ಬೀಳುವುದಿಲ್ಲ. ಇದನ್ನು ಹಿಡಿಯಬೇಕಾದದ್ದು ನಿಮ್ಮ ಮೂಗು, ಕಣ್ಣು. ಸ್ವಿಚ್ ಹಾಕಿದಾಗ ಚಿಟಚಿಟ ಸದ್ದು, ಪ್ಲೇಟಿನ ಬಣ್ಣ ತಿರುಗುವುದು, ಮೀನಿನ ವಾಸನೆಯಂಥ ಕಮಟು, ಲೋಡ್ ಹಾಕಿದಾಗ ಲೈಟ್ ಮಿಣುಕುವುದು, ಇವುಗಳಲ್ಲಿ ಯಾವುದಿದ್ದರೂ ಆ ಜಾಗ ಬಿಚ್ಚಿಸಿ ನೋಡಿ.

ಇನ್ನೊಂದು ಕೆಟ್ಟ ಗುಣ ಇದಕ್ಕಿದೆ. ಬಿಸಿಯಾದಾಗ ಲೋಹ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ, ಹಿಡಿತ ಇನ್ನಷ್ಟು ಸಡಿಲವಾಗುತ್ತದೆ. ತಾಮ್ರದ ಮೇಲೆ ಆಕ್ಸೈಡಿನ ಪದರ ಕೂರುತ್ತದೆ, ಅದು ಕರೆಂಟನ್ನು ಸರಿಯಾಗಿ ಬಿಡುವುದಿಲ್ಲ. ರೋಧ ಏರುತ್ತದೆ, ಬಿಸಿ ಮತ್ತೂ ಏರುತ್ತದೆ. ಅದಾಗಿಯೇ ಎಂದೂ ಸರಿಹೋಗುವುದಿಲ್ಲ.

ಸರಿ ಮಾಡಿಸುವಾಗ ಎದುರಿಗೆ ನಿಂತು ನೋಡಿ. ಮೇನ್ ಆಫ್ ಮಾಡಿ, ಕರೆಂಟ್ ಇಲ್ಲ ಅಂತ ಮೀಟರಿನಲ್ಲಿ ಖಚಿತ ಮಾಡಿಕೊಳ್ಳಬೇಕು. ಬರೀ ಟೆಸ್ಟರ್ ನಂಬುವ ಹಾಗಿಲ್ಲ. ಬಣ್ಣ ಕೆಟ್ಟ, ಪೆಡಸಾದ ವೈರನ್ನು ಹೊಳೆಯುವ ತಾಮ್ರ ಕಾಣುವವರೆಗೆ ಹಿಂದಕ್ಕೆ ಕತ್ತರಿಸಬೇಕು. ಬಿಸಿ ಕಂಡ ಸಾಕೆಟ್ ಮತ್ತು ಪ್ಲಗ್ ಎರಡನ್ನೂ ಎಸೆಯಬೇಕು, ಒಳಗಿನ ಸ್ಪ್ರಿಂಗ್ ಹಿಡಿತ ಹೋಗಿರುತ್ತದೆ. ಹೊಸ ಸಾಕೆಟ್, ಹಳೆಯ ಪ್ಲಗ್ ಅಂತ ಉಳಿತಾಯ ಮಾಡಿದರೆ ಸ್ವಲ್ಪ ದಿನಕ್ಕೆ ಹೊಸದೂ ಹಾಳು. ಸಣ್ಣ ಎಳೆಗಳ ವೈರಿನ ತುದಿಗೆ ಲಗ್ ಅಥವಾ ಫೆರೂಲ್ (ಎಳೆಗಳನ್ನು ಒಟ್ಟಿಗೆ ಹಿಡಿಯುವ ಲೋಹದ ತುದಿ) ಹಾಕಿ, ಒತ್ತಿ ಕ್ರಿಂಪ್ ಮಾಡಿ, ಆಮೇಲೆ ಸ್ಕ್ರೂ. ಎಳೆ ಹೊರಗೆ ಚಾಚಿರಬಾರದು, ಹೊದಿಕೆ ಸ್ಕ್ರೂ ಅಡಿ ಸಿಕ್ಕಿರಬಾರದು. ಬಿಗಿದ ಮೇಲೆ ಪ್ರತಿ ವೈರನ್ನೂ ಹಿಡಿದು ಎಳೆದು ನೋಡಬೇಕು. ಇಷ್ಟು ಮಾಡದೆ ಪ್ಲೇಟ್ ಮುಚ್ಚುವವರನ್ನು ತಡೆದು ಕೇಳಿ, ಸಂಕೋಚ ಬೇಡ.

ತುದಿಗೆ ಸೀಸದ ಬೆಸುಗೆ ಸುರಿದು ಗಟ್ಟಿ ಮಾಡಿ ಸ್ಕ್ರೂ ಬಿಗಿಯುವವರೂ ಇದ್ದಾರೆ. ನೋಡಲು ಅಚ್ಚುಕಟ್ಟು. ಆದರೆ ಬೆಸುಗೆ ಮೆತ್ತನೆಯ ಲೋಹ, ಒತ್ತಡಕ್ಕೆ ನಿಧಾನವಾಗಿ ಹರಿದು ಚಪ್ಪಟೆಯಾಗುತ್ತದೆ, ಸ್ಕ್ರೂ ಮತ್ತೆ ಸಡಿಲ. ಬೇಡ ಅನ್ನಿ.

ಪ್ರಶ್ನೆ: ಮನೆಯಿಂದ 60 ಮೀಟರ್ ದೂರದಲ್ಲಿ ಒಂದೂವರೆ ಎಚ್‌ಪಿ ಪಂಪ್ ಇದೆ. 2.5 ವೈರು ಹಾಕಿದ್ದೇವೆ. ಶುರುವಾಗುವಾಗ ಗುಂಯ್‌ಗುಟ್ಟಿ ನಿಂತುಬಿಡುತ್ತದೆ. – ಟಿ. ಎಚ್.

ಉತ್ತರ: ಓಡುವಾಗ ಅದು ಸುಮಾರು 9 ಆಂಪಿಯರ್ ಎಳೆಯುತ್ತದೆ. ಆಗ ವೈರಿನಲ್ಲಿ ಕಳೆದುಹೋಗುವುದು 9 ವೋಲ್ಟಿನ ಆಸುಪಾಸು, ತೊಂದರೆ ಇಲ್ಲ. ಶುರುವಾಗುವ ಕ್ಷಣದಲ್ಲಿ ಐದಾರು ಪಟ್ಟು ಬೇಕು. 45 ಆಂಪಿಯರ್ ಅಂತ ಹಿಡಿದರೂ 43 ವೋಲ್ಟ್ ದಾರಿಯಲ್ಲೇ ಹೋಯಿತು, ಮೋಟರಿಗೆ ಸಿಕ್ಕಿದ್ದು 187. ಮೋಟರಿನ ತಿರುಗುಬಲ ವೋಲ್ಟೇಜಿನ ವರ್ಗದಷ್ಟು ಇಳಿಯುತ್ತದೆ, ಅಂದರೆ ಮೂರರಲ್ಲಿ ಎರಡು ಪಾಲು ಮಾತ್ರ ಉಳಿಯಿತು. 6ರ ವೈರು ಹಾಕಿದರೆ ನಷ್ಟ 18 ವೋಲ್ಟಿಗೆ ಇಳಿಯುತ್ತದೆ. ಇಷ್ಟು ದೂರಕ್ಕೆ ವೈರಿನ ದಪ್ಪ ಬಿಸಿಯ ಲೆಕ್ಕದಲ್ಲಿ ಬರುವುದಿಲ್ಲ, ದೂರದ ಲೆಕ್ಕದಲ್ಲಿ ಬರುತ್ತದೆ. ಅದಕ್ಕೂ ಮುಂಚೆ ಪಂಪಿನ ಕೆಪಾಸಿಟರ್ ಪರೀಕ್ಷೆ ಮಾಡಿಸಿ. ಅದು ಸತ್ತಿದ್ದರೂ ಇದೇ ಲಕ್ಷಣ.

ಪ್ರಶ್ನೆ: ಮೂರು ಪಿನ್ನಿನ ಸಾಕೆಟ್ಟಿಗೆ ಎರಡೇ ವೈರು ಬಂದಿದೆ. ಅರ್ಥಿಂಗ್ ಪಿನ್ನನ್ನು ನ್ಯೂಟ್ರಲ್ಲಿಗೆ ಸೇರಿಸಿದರೆ ಸಾಕು ಅಂತ ಒಬ್ಬರು ಹೇಳಿದರು. – ಆರ್. ಡಿ.

ಉತ್ತರ: ದಯವಿಟ್ಟು ಬೇಡ. ದಾರಿಯಲ್ಲಿ ಎಲ್ಲಾದರೂ ನ್ಯೂಟ್ರಲ್ ಬಿಟ್ಟುಹೋದರೆ ವಾಷಿಂಗ್ ಮಷೀನಿನ ಇಡೀ ಮೈಗೆ 230 ವೋಲ್ಟ್ ಬರುತ್ತದೆ. ಆಫ್ ಮಾಡಿದ್ದೇನೆ ಅಂತ ಮುಟ್ಟಿದವರಿಗೂ ಅಪಾಯ. ಹಸಿರು-ಹಳದಿ ಪಟ್ಟೆಯ ವೈರನ್ನು ಬೋರ್ಡಿನಿಂದ ಹೊಸದಾಗಿ ಎಳೆಸಿ. ಫೇಸ್ ವೈರು 2.5 ಇದ್ದರೆ ಅದೂ 2.5 ಇರಲಿ. ಆ ಬಣ್ಣವನ್ನು ಬೇರೆ ಯಾವ ಕೆಲಸಕ್ಕೂ ಬಳಸಬಾರದು. ಜೊತೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಇದು ಮನುಷ್ಯರನ್ನು ಕಾಯುವ ಸಾಧನ, ಎಂಸಿಬಿ ಆ ಕೆಲಸ ಮಾಡುವುದಿಲ್ಲ.

ಪ್ರಶ್ನೆ: ಫಾಲ್ಸ್ ಸೀಲಿಂಗ್ ಮೇಲೆ ಥರ್ಮೋಕೋಲ್ ಹಾಸಿ, ಅದರ ಮೇಲೆ ವೈರು ಬಿಟ್ಟಿದ್ದಾರೆ. ವೈರು ಥರ್ಮೋಕೋಲಿಗೆ ಅಂಟಿಕೊಂಡಿದೆ. ಏನಿದು? – ಎ. ಕೆ.

ಉತ್ತರ: ಪಿವಿಸಿ ಮೆತ್ತಗಿರಲಿ ಅಂತ ಅದರಲ್ಲಿ ಪ್ಲಾಸ್ಟಿಸೈಜರ್ ಅನ್ನುವ ಎಣ್ಣೆಯಂಥ ವಸ್ತು ಬೆರೆಸಿರುತ್ತಾರೆ. ಪಾಲಿಸ್ಟೈರೀನ್, ಅಂದರೆ ನಿಮ್ಮ ಥರ್ಮೋಕೋಲ್, ಅದನ್ನು ಹೀರಿಕೊಳ್ಳುತ್ತದೆ. ಥರ್ಮೋಕೋಲ್ ಕರಗಿ ಅಂಟಾಗುತ್ತದೆ, ವೈರಿನ ಹೊದಿಕೆ ಪೆಡಸಾಗಿ ಬಗ್ಗಿಸಿದರೆ ಬಿರಿಯುತ್ತದೆ. ಅದರ ಜೊತೆಗೆ ವೈರಿನ ಬಿಸಿ ಹೊರಹೋಗಲೂ ಬಿಡುವುದಿಲ್ಲ. ವೈರನ್ನು ಪೈಪಿನೊಳಗೆ ಹಾಕಿಸಿ, ಥರ್ಮೋಕೋಲಿಗೆ ತಾಗದ ಹಾಗೆ ಎತ್ತಿ ಕಟ್ಟಿಸಿ. ಅಂಟಿದ ತುಂಡುಗಳನ್ನು ಬದಲಿಸುವುದೇ ಲೇಸು.

ಪ್ರಶ್ನೆ: ಅಜ್ಜನ ಕಾಲದ ಮನೆ. ರಬ್ಬರ್ ಹೊದಿಕೆಯ ವೈರು. ಎಲ್ಲಾ ಚೆನ್ನಾಗಿಯೇ ಉರಿಯುತ್ತಿದೆ. ಬದಲಿಸಲೇಬೇಕಾ? – ಬಿ. ಎಲ್.

ಉತ್ತರ: ಉರಿಯುವುದಕ್ಕೆ ತಾಮ್ರ ಸಾಕು. ಹೊದಿಕೆ ಹೇಗಿದೆ ಅನ್ನುವುದು ಪ್ರಶ್ನೆ. ಹಳೆಯ ರಬ್ಬರ್ ಒಣಗಿ ಪುಡಿಯಾಗುತ್ತದೆ, ಸ್ವಿಚ್ ಬಿಚ್ಚಿ ವೈರು ಅಲ್ಲಾಡಿಸಿದರೆ ಸಾಕು, ಉದುರುತ್ತದೆ. ಎಲ್ಲಾ ಉಪಕರಣ ಬಿಚ್ಚಿಟ್ಟು ಹೊದಿಕೆಯ ರೋಧ ಅಳೆಯುವ 500 ವೋಲ್ಟ್ ಡಿಸಿಯ ಮೆಗ್ಗರ್‌ನಲ್ಲಿ ಅಳೆಯಿಸಿ. ಒಂದು ಮೆಗಾಓಮಿಗಿಂತ ಕಡಿಮೆ ಬಂದ ಸರ್ಕ್ಯೂಟ್ ಬಳಸಬೇಡಿ. ಜಾಸ್ತಿ ಬಂದರೂ ರಬ್ಬರ್ ಉದುರುತ್ತಿದ್ದರೆ ಬದಲಿಸಿ. ಮೀಟರ್ ಹೇಳುವುದು ಇವತ್ತಿನ ಸ್ಥಿತಿ, ನಾಳೆ ಯಾರೋ ಸ್ವಿಚ್ ಬದಲಿಸಲು ಆ ವೈರನ್ನು ಎಳೆದಾಗ ಏನಾಗುತ್ತದೆ ಅಂತ ಅಲ್ಲ.

ಪ್ರಶ್ನೆ: ಎಕ್ಸ್‌ಟೆನ್ಷನ್ ವೈರನ್ನು ಅಂದವಾಗಿ ಸುತ್ತಿಟ್ಟು, ಬೇಕಾದಷ್ಟೇ ಎಳೆದು ಹೀಟರಿಗೆ ಕೊಡುತ್ತೇನೆ. ಸುರುಳಿ ಬೆಚ್ಚಗಾಗುತ್ತದೆ. ಪರವಾಗಿಲ್ವಾ? – ವಿ. ಎಂ.

ಉತ್ತರ: ಸುತ್ತಿದ ಪದರಗಳ ನಡುವಿನ ಬಿಸಿಗೆ ಹೊರಗೆ ಹೋಗಲು ದಾರಿಯಿಲ್ಲ. ಮೇಲೆ ಬೆಚ್ಚಗಿದ್ದರೆ ಒಳಗಿನ ಸುತ್ತು ಅದಕ್ಕಿಂತ ಬಹಳ ಬಿಸಿ ಇರುತ್ತದೆ. ರೀಲಿನ ಮೇಲೆ ಸಾಮಾನ್ಯವಾಗಿ ಎರಡು ಅಂಕಿ ಬರೆದಿರುತ್ತಾರೆ, ಸುತ್ತಿದಾಗ ಇಷ್ಟು ವ್ಯಾಟ್, ಪೂರ್ತಿ ಬಿಚ್ಚಿದಾಗ ಇಷ್ಟು ಅಂತ. ಓದಿ ನೋಡಿ. ಹೀಟರಿಗಾದರೆ ಪೂರ್ತಿ ಬಿಚ್ಚಿ. ಹೀಟರನ್ನು ದಿನಾ ಅದೇ ಜಾಗದಲ್ಲಿ ಬಳಸುವುದಾದರೆ ಅಲ್ಲಿಗೇ ಒಂದು 16 ಆಂಪಿಯರ್ ಸಾಕೆಟ್ ಹಾಕಿಸಿ.